ಮಾಸ್ಟ್ರು ‘ಲೇ’ ಅಂದದ್ದಕ್ಕೆ ಅಷ್ಟು ಗಲಾಟೆ ಬೇಕಿತ್ತಾ?

ಮಳೆಗಾಲ ಮುಗಿಯುತ್ತಾ ಬಂದಾಗ ನಮ್ಮ ಗುಂಪಿನ ಮೂವರು ದಕ್ಷಿಣ ಕನ್ನಡದ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲಿ ಪ್ರಾಥಮಿಕ ಶಾಲೆಗಳ ವಲಯ ಮಟ್ಟದ ಕ್ರೀಡಾಕೂಟ ಇತ್ತು. ಎಷ್ಟು ಶಾಲೆ ಬಂದವು, ಯಾರು ಗೆದ್ದರು, ಯಾರು ತಾಲೂಕು ಮಟ್ಟಕ್ಕೆ ಹೋದರು ಎಂದು ಒಂದು ವರದಿ ಬರೆಯುವುದು ನಮ್ಮ ಲೆಕ್ಕಾಚಾರ. ಆದರೆ ಮಧ್ಯಾಹ್ನದ ಕಬಡ್ಡಿ ಪಂದ್ಯ ನೋಡಿದ ಮೇಲೆ ವರದಿ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇವೆ.

ನಾವು ಮೈದಾನ ಮುಟ್ಟಿದಾಗ ಬೆಳಿಗ್ಗೆ ಏಳು ಗಂಟೆ. ರಾತ್ರಿ ಮಳೆ ಬಂದು ಹಿಂದಿನ ದಿನ ಹಾಕಿದ ಸುಣ್ಣದ ಗೆರೆಗಳೆಲ್ಲ ತೊಳೆದು ಹೋಗಿದ್ದವು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡ ಒಬ್ಬ ಮಾಸ್ಟ್ರು ಹಗ್ಗ ಹಿಡಿದು ಮತ್ತೆ ಗೆರೆ ಹಾಕುತ್ತಿದ್ದರು. ವಿಜಯಪುರ ಕಡೆಯವರು. ಈ ವಲಯದಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತಂತೆ. ಅವರು ದೈಹಿಕ ಶಿಕ್ಷಕರಲ್ಲ, ಸಮಾಜ ವಿಜ್ಞಾನ ಹೇಳಿಕೊಡುವವರು. ಸಣ್ಣ ಶಾಲೆಗಳಿಗೆ ಪಿ.ಟಿ. ಮಾಸ್ಟ್ರು ಎಲ್ಲಿರುತ್ತಾರೆ? ಪಾಠ ಮಾಡುವವರೇ ವಿಸಿಲ್ ಊದಬೇಕು, ಬಿದ್ದ ಮಗುವಿನ ಮೊಣಕಾಲಿಗೆ ಔಷಧಿಯನ್ನೂ ಹಚ್ಚಬೇಕು.

ಹೆಸರು ನೋಂದಾಯಿಸುವ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು, ಕರ್ನಾಟಕದ ಅರ್ಧ ನಕ್ಷೆ ಕಾಣುತ್ತದೆ. ಬಾಗಲಕೋಟೆಯ ಟೀಚರ್, ಕೊಪ್ಪಳದ ಮಾಸ್ಟ್ರು, ಹಾಸನದಿಂದ ಬಂದ ಮುಖ್ಯ ಶಿಕ್ಷಕಿ. ಇಲ್ಲಿಯವರೇ ಆದ ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಕೊಂಕಣಿ ಮಾತಾಡುವವರು. ಎಲ್ಲರ ಕೈಯಲ್ಲೂ ಒಂದೊಂದು ಪಟ್ಟಿ, ಕುತ್ತಿಗೆಯಲ್ಲಿ ಒಂದೊಂದು ವಿಸಿಲ್.

ವರ್ಷವಿಡೀ ಇವರು ಬೇರೆ ಬೇರೆ ಶಾಲೆಗಳಲ್ಲಿ ಇರುತ್ತಾರೆ. ತರಬೇತಿಗಳಲ್ಲಿ ಸೇರಿದರೂ ಅಲ್ಲಿ ಕೂತು ಕೇಳುವುದೇ ಹೆಚ್ಚು. ಕ್ರೀಡಾಕೂಟದ ದಿನ ಮಾತ್ರ ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡಬೇಕು. ಅದೂ ನೂರಾರು ಮಕ್ಕಳ, ತಂದೆ ತಾಯಂದಿರ ಕಣ್ಣೆದುರು. ಹಾಗಾಗಿ ಒಳಗೆ ಏನಿದೆಯೋ ಅದು ಆ ದಿನ ಹೊರಗೆ ಬರುತ್ತದೆ.

ಕಬಡ್ಡಿಗೆ ರೆಫ್ರಿ ಆಗಿದ್ದವರು ಅದೇ ವಿಜಯಪುರದ ಮಾಸ್ಟ್ರು. ಅಂಪೈರ್‌ಗಳಿಬ್ಬರೂ ಇಲ್ಲಿಯವರು. ಪಂದ್ಯ ಬಿಸಿಯಾಗಿತ್ತು. ಒಬ್ಬ ಹುಡುಗ ಪದೇ ಪದೇ ಗೆರೆ ದಾಟಿ ಹೊರಗೆ ಹೋಗುತ್ತಿದ್ದ. ಮಾಸ್ಟ್ರು ಕೂಗಿದರು: “ಸರೀಲೇ ಹಿಂದ! ಗೆರಿ ದಾಟಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕೋ ನಿನಗ?”

ಹುಡುಗ ಏನೂ ಬೇಸರ ಮಾಡಿಕೊಳ್ಳಲಿಲ್ಲ. ಹಿಂದೆ ಸರಿದು ಮತ್ತೆ ಆಡಿದ. ಆದರೆ ಗೆರೆಯ ಆಚೆ ನಿಂತಿದ್ದ ಅವನ ತಂದೆಗೆ ಸಿಟ್ಟು ಬಂತು. “ನನ್ನ ಮಗನಿಗೆ ಲೇ ಅಂತ ಹೇಳ್ಲಿಕ್ಕೆ ಇವರು ಯಾರು? ನಾವು ಮನೆಯಲ್ಲೇ ಹಾಗೆ ಕರೆಯುವುದಿಲ್ಲ” ಎಂದು ಒಳಗೆ ಬಂದರು. ಅವರ ಹಿಂದೆ ನಾಲ್ಕು ಜನ ಬಂದರು. ಪಂದ್ಯ ನಿಂತಿತು.

ಮಾಸ್ಟ್ರು ಗಾಬರಿಯಾಗಿ, “ನಮ್ಮ ಕಡೆ ನನ್ನ ಮಗಗೂ ಹಂಗ ಕರಿತೀನ್ರಿ. ಸಿಟ್ಟಿಲೆ ಅಂದಿಲ್ರಿ” ಎಂದರು. ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಕೊನೆಗೆ ಇಲ್ಲಿಯವರೇ ಆದ ಹಿರಿಯ ಮುಖ್ಯ ಶಿಕ್ಷಕರೊಬ್ಬರು ಬಂದು, “ಮಾರಾಯ್ರೆ, ಅದು ಬೈದದ್ದಲ್ಲ. ಅವರ ಊರಲ್ಲಿ ಸಲುಗೆಯಿಂದ ಮಕ್ಕಳನ್ನು ಕರೆಯುವುದೇ ಹಾಗೆ” ಎಂದು ಸಮಾಧಾನ ಮಾಡಿದರು. ಪಂದ್ಯ ಮುಂದುವರಿಯಿತು.

ಕೊನೆಯ ಎರಡು ನಿಮಿಷ ಇರುವಾಗ ಇನ್ನೊಂದು ತಕರಾರು ಎದ್ದಿತು. ರೈಡ್ ಹೋದ ಹುಡುಗ ಬೋನಸ್ ಗೆರೆ ದಾಟಿದ. ಎದುರು ಆರು ಜನ ಇದ್ದರು. ಆದರೆ ಗೆರೆ ದಾಟುವಾಗ ಹಿಂದಿನ ಕಾಲು ನೆಲದಿಂದ ಎದ್ದಿರಬೇಕು, ಅವನ ಕಾಲು ನೆಲದಲ್ಲೇ ಇತ್ತು. ಮಾಸ್ಟ್ರು ಅಂಕ ಕೊಡಲಿಲ್ಲ. ಸರಿಯಾದ ತೀರ್ಪು. ಆದರೆ ಸುತ್ತ ನಿಂತವರಿಂದ, “ಘಟ್ಟದ ಮೇಲಿನವರಿಗೆ ನಮ್ಮ ಕಬಡ್ಡಿ ಎಂತ ಗೊತ್ತು?” ಎಂಬ ಮಾತು ಬಂತು.

ಅದೇ ಹೊತ್ತಿಗೆ ಅಂಪೈರ್‌ಗಳಿಬ್ಬರು ಹತ್ತಿರ ಬಂದು ತುಳುವಿನಲ್ಲಿ ಏನೋ ಮಾತಾಡಿಕೊಂಡರು. ಮಾಸ್ಟ್ರ ಮುಖ ಸಣ್ಣದಾಯಿತು. ವಿಸಿಲನ್ನು ಮೇಜಿನ ಮೇಲಿಟ್ಟು, “ನೀವ ನೋಡಕೊಳ್ರಿ ಸರ” ಎಂದು ಹೊರಗೆ ನಡೆದರು.

ನಮ್ಮ ಗುಂಪಿನ ಒಬ್ಬಳಿಗೆ ತುಳು ಬರುತ್ತದೆ. ಆ ಅಂಪೈರ್‌ಗಳು ಏನು ಹೇಳಿದ್ದರು ಗೊತ್ತಾ? ‘ಅವರು ಹೇಳಿದ್ದೇ ಸರಿ, ಕಾಲು ಎದ್ದಿರಲಿಲ್ಲ’ ಎಂದು. ಇಬ್ಬರೂ ಅವರ ಪರವಾಗಿಯೇ ಇದ್ದರು. ಕನ್ನಡದಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವರೂ ಕೇಳಲಿಲ್ಲ.

ಒಂದೇ ಮೈದಾನದಲ್ಲಿ, ಅರ್ಧ ಗಂಟೆಯೊಳಗೆ, ಎರಡು ಸಲ ಹೀಗಾಯಿತು. ಮೊದಲು ನಮ್ಮೂರಿನವರು ಅವರ ಮಾತನ್ನು ತಪ್ಪು ತಿಳಿದರು. ಆಮೇಲೆ ಅವರು ನಮ್ಮೂರಿನ ಮಾತನ್ನು ತಪ್ಪು ತಿಳಿದರು. ಎರಡೂ ಸಲ ಕೆಟ್ಟ ಮನಸ್ಸು ಯಾರಲ್ಲೂ ಇರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಹೊರ ಜಿಲ್ಲೆಯಿಂದ ಬಂದ ಶಿಕ್ಷಕರನ್ನು ನಾವು ಕೆಲಸಕ್ಕೆ ಕರೆಯುತ್ತೇವೆ, ಮಾತಿಗೆ ಕರೆಯುವುದಿಲ್ಲ. ಇದು ಬದಲಾಗಬೇಕು. ಇಲ್ಲದಿದ್ದರೆ ನಷ್ಟ ಅವರಿಗಿಂತ ನಮ್ಮ ಮಕ್ಕಳಿಗೇ ಹೆಚ್ಚು.

ಆ ದಿನದ ಕೆಲಸ ಹಂಚಿದ ರೀತಿಯನ್ನೇ ನೋಡಿ. ಗೆರೆ ಹಾಕುವುದು, ಮೇಜು ಹೊರುವುದು, ಬಿಸಿಲಲ್ಲಿ ನಿಂತು ಉದ್ದ ಜಿಗಿತ ಅಳೆಯುವುದು ಹೆಚ್ಚಾಗಿ ಘಟ್ಟದ ಮೇಲಿನವರ ಪಾಲಿಗೆ. ಮೈಕ್ ಹಿಡಿಯುವುದು, ಅತಿಥಿಗಳಿಗೆ ಹೂ ಕೊಡುವುದು, ವೇದಿಕೆಯಲ್ಲಿ ಕೂರುವುದು ಹೆಚ್ಚಾಗಿ ಇಲ್ಲಿಯವರಿಗೆ. ಯಾರೂ ಕೂತು ಯೋಚಿಸಿ ಹೀಗೆ ಮಾಡಿದ್ದಲ್ಲ. “ಅವರ ಕನ್ನಡ ಮೈಕಿನಲ್ಲಿ ಸರಿಯಾಗುವುದಿಲ್ಲ” ಎಂದು ಒಬ್ಬರು ನಮ್ಮ ಹತ್ತಿರ ಹೇಳಿದರು. ಯಾಕೆ ಆಗುವುದಿಲ್ಲ? ನಮ್ಮ ಕರಾವಳಿಯ ಮಕ್ಕಳಿಗೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ. ಕನ್ನಡ ಅವರು ಶಾಲೆಯಲ್ಲಿ ಪುಸ್ತಕದಿಂದ ಕಲಿಯುವ ಭಾಷೆ. ಕನ್ನಡವನ್ನು ಹುಟ್ಟಿನಿಂದ ಮಾತಾಡಿದವರ ಬಾಯಲ್ಲಿ ಅದು ಹೇಗಿರುತ್ತದೆ ಎಂದು ಮಕ್ಕಳು ಕೇಳಬೇಡವೇ?

1956ಕ್ಕೆ ಮೊದಲು ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು, ವಿಜಯಪುರ ಮುಂಬೈ ರಾಜ್ಯದಲ್ಲಿತ್ತು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿತ್ತು. ಒಂದು ರಾಜ್ಯ ಆಗಬೇಕೆಂದು ಹಿರಿಯರು ಹೋರಾಡಿದರು. ನವೆಂಬರ್ 1ಕ್ಕೆ ಇದೇ ಮೈದಾನದಲ್ಲಿ ಅದರ ಬಗ್ಗೆ ಭಾಷಣ ಮಾಡುತ್ತೇವೆ. ಕಬಡ್ಡಿ ಪಂದ್ಯದ ದಿನ ಮರೆತುಬಿಡುತ್ತೇವೆ.

“ಅವರಾದರೂ ಇಲ್ಲಿ ಇರುತ್ತಾರಾ? ವರ್ಗಾವಣೆ ಸಿಕ್ಕಿದ ಕೂಡಲೇ ಊರಿಗೆ ಹೋಗುತ್ತಾರೆ” ಎನ್ನುವವರಿದ್ದಾರೆ. ನಿಜ, ತುಂಬ ಜನ ಹೋಗುತ್ತಾರೆ. ಶಿಕ್ಷಕರ ವರ್ಗಾವಣೆಗೆಂದೇ ರಾಜ್ಯದಲ್ಲಿ 2007ರಲ್ಲಿ ಒಂದು ಕಾಯ್ದೆ, 2020ರಲ್ಲಿ ಇನ್ನೊಂದು ಕಾಯ್ದೆ ಬಂತು. ಅಂದರೆ ಅದು ಅಷ್ಟು ದೊಡ್ಡ ವಿಷಯ. ವಯಸ್ಸಾದ ತಂದೆ ತಾಯಿ ಊರಲ್ಲಿ, ದಾರಿ ಒಂದು ಇಡೀ ರಾತ್ರಿ ಬಸ್ಸಿನಷ್ಟು ದೂರ. ಹೋಗಬೇಕು ಅನ್ನಿಸುವುದು ಸಹಜ. ಆದರೆ ಇರುವ ಅಷ್ಟು ವರ್ಷ ಮನಸ್ಸಿಟ್ಟು ಇರುವುದಕ್ಕೂ, ದಿನ ಎಣಿಸಿಕೊಂಡು ಇರುವುದಕ್ಕೂ ವ್ಯತ್ಯಾಸ ಇದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ದಿನ ಎಣಿಸಲು ಶುರು ಮಾಡಿದರೆ ಅರ್ಧ ಶಾಲೆಯೇ ದಿನ ಎಣಿಸಿದ ಹಾಗೆ.

ಹಾಗೆಂದು ತಪ್ಪೆಲ್ಲ ಇಲ್ಲಿಯವರದೇ ಎಂದು ನಾವು ಹೇಳುವುದಿಲ್ಲ. ಒಂಬತ್ತು ವರ್ಷ ಇದ್ದೂ ತುಳುವಿನ ನಾಲ್ಕು ಮಾತು ಕಲಿಯದಿದ್ದರೆ ಅದೂ ಕೊರತೆಯೇ. ಒಂದನೇ ತರಗತಿಗೆ ಬರುವ ಮಗುವಿಗೆ ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಬರುವುದು ಮನೆಮಾತಿನಲ್ಲಿ ಮಾತ್ರ. ‘ಲೇ’ ಎನ್ನುವುದು ಇಲ್ಲಿ ಬೈಗುಳದ ಹಾಗೆ ಕೇಳಿಸುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಬಿಡುವುದು ಒಳ್ಳೆಯದು. ಆದರೆ ಅದು ಗೊತ್ತಾಗಬೇಕಾದರೆ ಯಾರಾದರೂ ಹೇಳಬೇಕಲ್ಲ? ಒಂಬತ್ತು ವರ್ಷದಲ್ಲಿ ಒಬ್ಬ ಸಹೋದ್ಯೋಗಿಯೂ ಹೇಳಿರಲಿಲ್ಲ.

ಊಟದ ಹೊತ್ತಿನ ಒಂದು ಸಂಗತಿ ಹೇಳಲೇಬೇಕು. ಹಳೆ ವಿದ್ಯಾರ್ಥಿ ಸಂಘದವರು ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ, ಪಾಯಸ ಮಾಡಿದ್ದರು. ಬಾಗಲಕೋಟೆಯ ಟೀಚರ್ ತಮ್ಮ ಡಬ್ಬಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಪಕ್ಕದಲ್ಲಿದ್ದ ಬ್ಯಾರಿ ಟೀಚರ್ ಕೇಳಿದರು, “ಇದು ನಾವು ಹೇಳುವ ನೆಲಗಡಲೆಯಾ?” ಹೌದೆಂದು ಒಂದು ರೊಟ್ಟಿ ಮುರಿದು ಕೊಟ್ಟರು. ಅವರ ಡಬ್ಬಿಯಿಂದ ಇವರಿಗೆ ಪತ್ತಿರಿ ಬಂತು. ಎರಡು ವರ್ಷದಿಂದ ಇಬ್ಬರೂ ಒಟ್ಟಿಗೇ ಖೋ ಖೋ ತಂಡವನ್ನು ತಯಾರು ಮಾಡುತ್ತಿದ್ದಾರಂತೆ. ಇವರ ಶಾಲೆ ಹುಡುಗಿಯರು ಅವರ ಶಾಲೆಗೆ ಶನಿವಾರ ಅಭ್ಯಾಸಕ್ಕೆ ಹೋಗುತ್ತಾರೆ. ಆ ದಿನ ಎರಡೂ ತಂಡಗಳು ಎದುರಾದವು. ಒಂದು ತಂಡ ಸೋತಿತು. ಅತ್ತ ಹುಡುಗಿಯರನ್ನು ಇಬ್ಬರು ಟೀಚರೂ ಸೇರಿ ಸಮಾಧಾನ ಮಾಡಿದರು. ಯಾರು ಯಾವ ಶಾಲೆಯ ಟೀಚರ್ ಎಂದು ನಮಗೆ ಗೊತ್ತಾಗಲಿಲ್ಲ.

ಹೀಗೆ ಆಗಲು ಸರ್ಕಾರದ ಆದೇಶ ಬೇಡ. ಮುಂದಿನ ಕ್ರೀಡಾಕೂಟಕ್ಕೆ ನಾವು ಕೇಳುವುದು ನಾಲ್ಕು ಸಣ್ಣ ವಿಷಯ.

ಒಂದು, ತೀರ್ಪುಗಾರರು ಮೈದಾನದಲ್ಲಿ ಪರಸ್ಪರ ಮಾತಾಡುವುದು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲೇ ಇರಲಿ. ಉಳಿದ ಹೊತ್ತು ತುಳುವಾಗಲಿ, ಬ್ಯಾರಿಯಾಗಲಿ, ಚೆನ್ನಾಗಿ ಮಾತಾಡಿ, ಬಾರದವರಿಗೆ ಕಲಿಸಿ.

ಎರಡು, ಮೈಕು, ವೇದಿಕೆ, ಗೆರೆ, ಅಳತೆ ಇವೆಲ್ಲ ಸರದಿಯ ಮೇಲೆ ಬದಲಾಗಲಿ. ಒಂದು ವರ್ಷ ಮೈಕಿನಲ್ಲಿ “ಎಲ್ಲಾರೂ ಬರ್ರಿ” ಅಂತ ಕೇಳಿಸಲಿ. ಮಕ್ಕಳು ನಗುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ.

ಮೂರು, ಆಡುವ ಎರಡೂ ಶಾಲೆಗೆ ಸೇರದವರೇ ರೆಫ್ರಿ ಆಗಲಿ. ಅವರ ತೀರ್ಪನ್ನು ಮೊದಲು ಸಹೋದ್ಯೋಗಿಗಳೇ ಜನರ ಎದುರು ಎತ್ತಿ ಹಿಡಿಯಲಿ. ತಪ್ಪಿದ್ದರೆ ಆಮೇಲೆ ಕೂತು ಮಾತಾಡಲಿ.

ನಾಲ್ಕನೆಯದು ನಮಗೆ, ಗೆರೆಯ ಆಚೆ ನಿಲ್ಲುವವರಿಗೆ. ಮಾಸ್ಟ್ರ ಮಾತು ಚುಚ್ಚಿದರೆ ಒಳಗೆ ನುಗ್ಗುವ ಮೊದಲು ಒಮ್ಮೆ ಕೇಳಿ, “ಸರ್, ಹಾಗೆಂದರೆ ಎಂತ?” ಎಂದು. ಮಗನ ಎದುರು ಅವನ ಮಾಸ್ಟ್ರನ್ನು ಸಣ್ಣವರನ್ನಾಗಿ ಮಾಡಿದರೆ ಮರುದಿನ ತರಗತಿಯಲ್ಲಿ ಆ ಮಗ ಅವರ ಮಾತು ಯಾಕೆ ಕೇಳಬೇಕು?

ಸಂಜೆ ನಾವು ಹೊರಡುವಾಗ ಆ ಮುಖ್ಯ ಶಿಕ್ಷಕರು ವಿಜಯಪುರದ ಮಾಸ್ಟ್ರನ್ನು ಚಹಾಕ್ಕೆ ಕೂರಿಸಿಕೊಂಡು ಬೋನಸ್ ಅಂಕದ ವಿಷಯ ಹೇಳುತ್ತಿದ್ದರು. ಅಂಪೈರ್‌ಗಳೂ ಬಂದು ಕೂತರು. ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲ ಹೇಳಬೇಕಿಲ್ರಿ?” ಎಂದರು. ಅಷ್ಟೇ. ಆಮೇಲೆ ಎದ್ದು, ಉಳಿದ ಸುಣ್ಣದ ಚೀಲವನ್ನು ಕೋಣೆಯೊಳಗಿಡಲು ಹೋದರು. ಈ ಸಲ ಅಂಪೈರ್ ಒಬ್ಬರು ಚೀಲದ ಇನ್ನೊಂದು ತುದಿ ಹಿಡಿದರು.