ಈಜು ಬರದಿದ್ದರೂ ಪರವಾಗಿಲ್ಲ!

'ಈಜು ಬರದಿದ್ದರೂ ಪರವಾಗಿಲ್ಲ.' ಈ ಒಂದು ಸಾಲಿನ ಮೇಲೆ ನನಗೆ ಕೆಟ್ಟ ಕೋಪವಿದೆ. ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಮುಂದಿನ ಮೇ ತನಕ ಫೋನ್ ತೆರೆದಾಗಲೆಲ್ಲ ಇದೇ ರೀಲು. ನೀಲಿ ನೀರು, ಹಳದಿ ಪಟ್ಟೆಯ ಮೀನುಗಳು, ಕ್ಯಾಮೆರಾಗೆ ಓಕೆ ಸನ್ನೆ ತೋರಿಸುವ ಒಬ್ಬ ಪುಣ್ಯಾತ್ಮ. ಕೆಳಗೆ: ನೇತ್ರಾಣಿ ಸ್ಕೂಬಾ, ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಆಫೀಸಿಗೆ ವಾಪಸ್, ಪಿಕಪ್ ಇಂದಿರಾನಗರ ಕೆಎಫ್‌ಸಿ ಮತ್ತು ಟಿನ್ ಫ್ಯಾಕ್ಟರಿ, ಈಜು ಬರದಿದ್ದರೂ ಪರವಾಗಿಲ್ಲ.

ಪರವಾಗಿಲ್ಲ, ಸರಿ. ಯಾರಿಗೆ ಪರವಾಗಿಲ್ಲ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನೇತ್ರಾಣಿ ಇರುವುದು ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನಲ್ಲಿ, ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ. ದೋಣಿಯಲ್ಲಿ ಒಂದು ಗಂಟೆಗೂ ಮೇಲೆ. ಜನವಸತಿ ಇಲ್ಲದ, ಕಡಿದಾದ ಬಂಡೆಗಳ ದ್ವೀಪ. ಮೇಲಿಂದ ನೋಡಿದರೆ ಹೃದಯದ ಆಕಾರ ಎಂದು ಎಲ್ಲ ಜಾಹೀರಾತುಗಳೂ ಹೇಳುತ್ತವೆ, ಅದು ಸುಳ್ಳೇನಲ್ಲ. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ನೌಕಾಪಡೆ ಒಂದು ಕಾಲದಲ್ಲಿ ಈ ದ್ವೀಪವನ್ನೇ ಗುರಿಯಾಗಿಟ್ಟು ಗುಂಡಿನ ಅಭ್ಯಾಸ ಮಾಡುತ್ತಿತ್ತು, ಪರಿಸರದವರು ಅದರ ವಿರುದ್ಧ ವರ್ಷಗಟ್ಟಲೆ ಜಗಳವಾಡಿದರು. ಸುತ್ತಲಿನ ಬಂಡೆಗಳ ಮೇಲೆ ನೀರಿನೊಳಗೆ ಹವಳ ಬೆಳೆದಿದೆ. ಹವಳಕ್ಕಾಗಿ ಮೀನು, ಮೀನಿಗಾಗಿ ನಾವು. 2022ರ ಅಕ್ಟೋಬರ್‌ನಲ್ಲಿ 'ಗಂಧದ ಗುಡಿ'ಯಲ್ಲಿ ಅಪ್ಪು ಆ ನೀರಿಗಿಳಿದದ್ದನ್ನು ಥಿಯೇಟರಿನಲ್ಲಿ ನೋಡಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬಳು.

ಈಗ ಆ ಐದಾರು ಸಾವಿರ ರೂಪಾಯಿಯ 'ಟ್ರೈ ಡೈವ್'ನಲ್ಲಿ ಏನಾಗುತ್ತದೆ ನೋಡಿ. ದಡದಲ್ಲೋ ದೋಣಿಯಲ್ಲೋ ಹತ್ತು ಹದಿನೈದು ನಿಮಿಷದ ಪಾಠ: ಬಾಯಲ್ಲಿ ಉಸಿರಾಡಿ, ಕಿವಿ ನೊಂದರೆ ಮೂಗು ಹಿಡಿದು ಊದಿ, ಈ ಸನ್ನೆ ಅಂದರೆ ಓಕೆ, ಈ ಸನ್ನೆ ಅಂದರೆ ಮೇಲೆ. ಸೊಂಟಕ್ಕೆ ಸೀಸದ ತೂಕ, ಬೆನ್ನಿಗೆ ಸಿಲಿಂಡರ್. ಹಿಂದಿನಿಂದ ಇನ್‌ಸ್ಟ್ರಕ್ಟರ್ ಆ ಸಿಲಿಂಡರನ್ನು ಹಿಡಿದುಕೊಂಡು ನಿಮ್ಮನ್ನು ಕೆಳಗಿಳಿಸುತ್ತಾನೆ. ಇಂಥ ಮೊದಲ ಡೈವ್‌ಗೆ 12 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ. ಇಪ್ಪತ್ತು ನಿಮಿಷ, ಒಂದು ವಿಡಿಯೋ, ಮೇಲೆ. ನೀವು ಈಜುವುದೇ ಇಲ್ಲ. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯ ಹಾಗೆ ನಿಮ್ಮನ್ನು ತಳ್ಳಲಾಗುತ್ತದೆ. ಆದ್ದರಿಂದ 'ಈಜು ಬೇಕಿಲ್ಲ' ಅನ್ನುವುದು ಅಕ್ಷರಶಃ ನಿಜ. ನನ್ನ ತಕರಾರು ಇರುವುದು 'ಪರವಾಗಿಲ್ಲ' ಅನ್ನುವ ಪದದ ಮೇಲೆ.

ಮೊದಲು ನಿಮ್ಮ ಮೈಯಿಂದಲೇ ಶುರು ಮಾಡೋಣ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ, ಉಸಿರು ಬಿಗಿಹಿಡಿದು ಮೇಲೆ ಬಂದರೆ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಹಿಗ್ಗುವುದಕ್ಕೂ ಒಂದು ಮಿತಿ ಇದೆಯಲ್ಲ. ಅದಕ್ಕೇ ಸ್ಕೂಬಾದ ಮೊದಲ ನಿಯಮ ಉಸಿರು ಹಿಡಿಯಬೇಡಿ ಅನ್ನುವುದು. ಈಗ ಹೇಳಿ, ನೀರಿನ ಭಯ ಇರುವವರು, ಮೂಗಿಗೆ ಒಂದು ಗುಟುಕು ನೀರು ಹೋದ ಕೂಡಲೇ ಮಾಡುವ ಮೊದಲ ಕೆಲಸ ಯಾವುದು? ಉಸಿರು ಬಿಗಿಹಿಡಿದು ಮೇಲಕ್ಕೆ ಒದೆಯುವುದು. ಈಜು ಕಲಿಯುವುದು ಅಂದರೆ ಕೈಕಾಲು ಬಡಿಯುವುದಷ್ಟೇ ಅಂದುಕೊಂಡಿದ್ದೀರಾ? ಮುಖಕ್ಕೆ ನೀರು ಬಡಿದಾಗ ಗಾಬರಿಯಾಗದಿರುವುದನ್ನು ಕಲಿಯುವುದೇ ಅದರ ಅರ್ಧ ಭಾಗ. ಆ ಅರ್ಧವನ್ನು ಹದಿನೈದು ನಿಮಿಷದಲ್ಲಿ ಯಾರೂ ಕಲಿಸಲಾರರು.

ಇನ್ನು ಫಾರ್ಮ್. ಹೋದ ವರ್ಷ ನಮ್ಮ ಆಫೀಸಿನ ಟೀಮ್ ಔಟಿಂಗ್ ನೇತ್ರಾಣಿಗೆ ನಿಗದಿಯಾಯಿತು. (ಆಫೀಸಿನ ಹೆಸರು ಬೇಡ, ಇಎಂಐ ಇನ್ನೂ ಬಾಕಿಯಿದೆ.) ವೈದ್ಯಕೀಯ ಪ್ರಶ್ನೆಗಳ ಹಾಳೆ ವಾಟ್ಸಾಪ್ ಗುಂಪಿಗೆ ಬಂತು. ಅಸ್ತಮಾ ಇದೆಯೇ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಿಣಿಯೇ. ಹಿಂದೆಯೇ ಸಂಯೋಜಕರ ಮೆಸೇಜು: 'ಎಲ್ಲದಕ್ಕೂ ನೋ ಹಾಕಿ ಕಳಿಸಿ, ಇಲ್ಲಾಂದ್ರೆ ಡಾಕ್ಟರ್ ಸರ್ಟಿಫಿಕೇಟ್ ಕೇಳ್ತಾರೆ, ಸುಮ್ನೆ ಲೇಟ್ ಆಗುತ್ತೆ.' ಇಪ್ಪತ್ತಮೂರು ಜನರೂ ನೋ ಹಾಕಿದರು. ಅದರಲ್ಲಿ ಒಬ್ಬನ ಬ್ಯಾಗಿನಲ್ಲಿ ಇನ್‌ಹೇಲರ್ ಇರುತ್ತದೆ, ಅದು ಇಡೀ ಫ್ಲೋರಿಗೆ ಗೊತ್ತು. ಅಸ್ತಮಾ ಇದ್ದವರ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳಬಹುದು, ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತದೆ. ಆ ಪ್ರಶ್ನೆ ಅಲ್ಲಿರುವುದೇ ಅದಕ್ಕೆ. ನಾನು ಅವನ ಮೇಜಿನ ಹತ್ತಿರ ಹೋಗಿ, 'ಏನೋ ಇದು, ಡಾಕ್ಟರನ್ನ ಕೇಳಿದ್ಯಾ?' ಅಂದೆ. 'ಬಿಡಿ ಅಕ್ಕ, ಈಜು ಬರದೇ ಇರೋರೇ ಮಾಡ್ತಾರಂತೆ' ಅಂದ. ಆ ಒಂದು ಸಾಲಿನ ಕೆಲಸ ನೋಡಿದಿರಾ? ಈಜು ಬೇಡ ಅನ್ನುವುದು ಅವನ ಕಿವಿಯಲ್ಲಿ ಏನೂ ಬೇಡ ಅಂತಾಗಿತ್ತು. ಅವನು ಕೊನೆಗೆ ಡಾಕ್ಟರ ಹತ್ತಿರ ಹೋದ, ಅವರು ಬೇಡ ಅಂದರು. ಅವನು ದೋಣಿಯಲ್ಲಿ ಕೂತು ಹದ್ದು ನೋಡಿದ. ನನ್ನ ಮೇಲೆ ಎರಡು ವಾರ ಮುನಿಸಿಕೊಂಡಿದ್ದ. ಇರಲಿ.

ಬಸ್ಸಿನ ಕತೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಡೈವ್ ಮಾಡಿದ ಮೇಲೆ ರಕ್ತ ಮತ್ತು ಅಂಗಾಂಶಗಳಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಗುಳ್ಳೆಯಾಗುವ ಅಪಾಯ. ಅದಕ್ಕೇ ಡೈವ್ ಆದ ತಕ್ಷಣ ವಿಮಾನ ಹತ್ತಬಾರದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವುದು ಒಂದು ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಿರಿ ಅಂತ. ಇದು ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ ಅನ್ವಯ. ನಮ್ಮ ಬೆಂಗಳೂರು ಎಷ್ಟು ಎತ್ತರದಲ್ಲಿದೆ? ಸುಮಾರು 900 ಮೀಟರ್! ಅಂದರೆ ನಿಮ್ಮ ಸ್ಲೀಪರ್ ಕೋಚೇ ನಿಮ್ಮ ವಿಮಾನ. ಭಾನುವಾರ ಮಧ್ಯಾಹ್ನ ಒಂದಕ್ಕೆ ನೀರಿನಿಂದ ಎದ್ದು, ಬಂಗುಡೆ ಫ್ರೈ ಊಟ ಮಾಡಿ, ಎಂಟಕ್ಕೆ ಬಸ್ ಹತ್ತಿದರೆ ಘಟ್ಟ ಏರುವಾಗ ಹತ್ತು ಗಂಟೆಯೂ ಕಳೆದಿರುವುದಿಲ್ಲ. ಇಪ್ಪತ್ತು ನಿಮಿಷದ ಕಡಿಮೆ ಆಳದ ಡೈವಿನಲ್ಲಿ ಅಪಾಯ ತೀರಾ ಕಡಿಮೆ, ಸುಮ್ಮನೆ ಹೆದರಿಸುವುದಿಲ್ಲ. ಆದರೆ ಅದೇ ಬಸ್ಸಿನಲ್ಲಿ ಎರಡು ದಿನ ನಾಲ್ಕು ಡೈವ್ ಮಾಡಿ ಕೋರ್ಸ್ ಮುಗಿಸಿದವರೂ ಕೂತಿರುತ್ತಾರೆ. ಸೋಮವಾರದ ಸ್ಟ್ಯಾಂಡ್‌ಅಪ್ ಮೀಟಿಂಗಿಗಾಗಿ!

ಹವಳದ ವಿಷಯಕ್ಕೆ ಬರೋಣ, ನನ್ನ ನಿಜವಾದ ಹೊಟ್ಟೆಯುರಿ ಇರುವುದು ಅಲ್ಲಿ. ನೀರಿನೊಳಗೆ ಮುಳುಗದೆ, ತೇಲದೆ, ಮಧ್ಯದಲ್ಲಿ ಗಾಳಿಯಲ್ಲಿ ನಿಂತ ಹಾಗೆ ನಿಲ್ಲುವುದಕ್ಕೆ ಅಭ್ಯಾಸ ಬೇಕು. ಉಸಿರಿನಿಂದಲೇ ಮೇಲೆ ಕೆಳಗೆ ಆಗಬೇಕು. ಅದು ಬಾರದವರು ಏನು ಮಾಡುತ್ತಾರೆ? ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಕಾಲಿಗೆ ಸಿಕ್ಕಿದ್ದರ ಮೇಲೆ ನಿಲ್ಲುತ್ತಾರೆ, ಕಾಲಿನ ರೆಕ್ಕೆ ಬಡಿದು ಮರಳೆಬ್ಬಿಸುತ್ತಾರೆ. ಅವರು ಬಂಡೆ ಅಂದುಕೊಂಡದ್ದು ಜೀವ. ಉಂಡೆಯಾಕಾರದ ಗಟ್ಟಿ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಒಂದು ಗೇಣಿನಷ್ಟು ಹವಳ ನಿಮ್ಮ ಸೀನಿಯರ್ ಮ್ಯಾನೇಜರಿಗಿಂತ ಹೆಚ್ಚು ವರ್ಷ ಸರ್ವೀಸ್ ಮಾಡಿದೆ. 2001ರಿಂದ ಈ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಬಂಡೀಪುರದಲ್ಲಿ ಸಫಾರಿ ಜೀಪಿನಿಂದ ಇಳಿದು ಹುಲಿಯ ಬೆನ್ನ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತೀರಾ?

ಕೆಲವು ಕಡೆ ಮೀನು ಹತ್ತಿರ ಬರಲಿ ಅಂತ ಬ್ರೆಡ್ಡು, ಬಿಸ್ಕತ್ತು ಹಾಕುತ್ತಾರೆ. ವಿಡಿಯೋ ಚೆನ್ನಾಗಿ ಬರುತ್ತೆ, ನಿಜ. ಆದರೆ ಗಿಳಿಮೀನಿನಂಥವುಗಳ ಕೆಲಸ ಹವಳವನ್ನು ಮುಚ್ಚಿಹಾಕುವ ಪಾಚಿ ಮೇಯುವುದು. ಬಿಟ್ಟಿ ಬ್ರೆಡ್ಡು ಸಿಕ್ಕಿದರೆ ಪಾಚಿ ಯಾರು ಮೇಯಬೇಕು?

ಅದೂ ಎಂಥ ಕಾಲದಲ್ಲಿ! 2024ರ ಜನವರಿ ನೆನಪಿದೆಯಾ, ಎಲ್ಲರೂ ಮಾಲ್ಡೀವ್ಸ್ ಟಿಕೆಟ್ ರದ್ದು ಮಾಡಿ ಲಕ್ಷದ್ವೀಪ ಲಕ್ಷದ್ವೀಪ ಅನ್ನುತ್ತಿದ್ದರಲ್ಲ. ಅಲ್ಲಿನ ಅಮಿನಿ, ಕಡಮತ್ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಅದು ಬೇರೆ ಕತೆ. ಸರಿಯಾಗಿ ಆ ತಿಂಗಳುಗಳಲ್ಲಿ, 2023ರ ಅಕ್ಟೋಬರ್ ಕೊನೆಯಿಂದಲೇ, ಅಲ್ಲಿಯ ಸಮುದ್ರ ಅತಿಯಾಗಿ ಕಾದಿತ್ತು. 2024ರ ಮೇ ಹೊತ್ತಿಗೆ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿವೆ ಅಂತ ವರದಿ ಮಾಡಿತು. ಹವಳದೊಳಗೆ ಇದ್ದು ಅದಕ್ಕೆ ಅನ್ನ ಹಾಕುವ ಸೂಕ್ಷ್ಮ ಪಾಚಿಯನ್ನು ಬಿಸಿ ತಡೆಯದೆ ಹವಳವೇ ಹೊರಹಾಕಿಬಿಡುತ್ತದೆ, ಬಣ್ಣ ಹೋಗಿ ಸುಣ್ಣದ ಹಾಗೆ ಕಾಣುತ್ತದೆ. ನೀರು ತಣ್ಣಗಾದರೆ ಚೇತರಿಸಿಕೊಳ್ಳಬಹುದು, ಇಲ್ಲದಿದ್ದರೆ ಇಲ್ಲ. ಐಸಿಯುನಲ್ಲಿರುವವರನ್ನು ನೋಡಲು ಹೋಗುವುದು ತಪ್ಪಲ್ಲ. ಹೋಗಿ ಆಕ್ಸಿಜನ್ ಪೈಪ್ ಹಿಡಿದು ಜೋತಾಡಬೇಡಿ ಅನ್ನುವುದಷ್ಟೇ ನನ್ನ ವಿನಂತಿ.

ನನಗೆ ಬರುವ ಉತ್ತರಗಳು ಗೊತ್ತಿವೆ. ಒಂದು, 'ಅಲ್ಲಿನ ಜನರ ಹೊಟ್ಟೆಪಾಡು.' ಇದು ಗಂಭೀರ ಮಾತು. ಮುರುಡೇಶ್ವರದಲ್ಲಿ ದೋಣಿ ನಡೆಸುವವರೊಬ್ಬರ ಜೊತೆ ಈ ಬಗ್ಗೆ ಮಾತಾಡಿದ್ದೇನೆ. 'ನಾವು ಗಾಳಿ ನೋಡಿ ದೋಣಿ ಬಿಡುದು ಮೇಡಂ, ನಿಮ್ಮ ಬೆಂಗ್ಳೂರವರು ಬುಕಿಂಗ್ ನೋಡಿ ಬಿಡಿ ಅಂತ್ರು' ಅಂದರು. ಸಮುದ್ರ ಕದಡಿದ ದಿನ ರದ್ದು ಮಾಡಿದರೆ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಡುವವರು ನಾವೇ ಅಲ್ಲವೇ? ಹವಳ ಹೋದರೆ ಅವರ ಹೊಟ್ಟೆಪಾಡೂ ಹೋಯಿತು. ಥಾಯ್ಲೆಂಡಿನ ಮಾಯಾ ಬೇ ಉದಾಹರಣೆ ಇದೆ: ದಿನಕ್ಕೆ ಸಾವಿರಾರು ಜನ ತುಳಿದು ಹವಳ ಹಾಳಾಗಿ 2018ರಲ್ಲಿ ಮುಚ್ಚಿದರು, ತೆರೆದದ್ದು 2022ರಲ್ಲಿ, ಅದೂ ಜನಸಂಖ್ಯೆಗೆ ಮಿತಿ ಹಾಕಿ, ದೋಣಿಗಳನ್ನು ಕೊಲ್ಲಿಯೊಳಗೆ ಬಿಡದೆ. ನೇತ್ರಾಣಿಗೂ ಆ ಮಿತಿ ಈಗಲೇ ಬೇಕು, ಮುಚ್ಚುವ ಗತಿ ಬರುವ ಮುಂಚೆ.

ಎರಡನೆಯ ಉತ್ತರ ನನ್ನನ್ನು ಸ್ವಲ್ಪ ಚುಚ್ಚುತ್ತದೆ: 'ನಿಮಗೇನು ಮೇಡಂ, ಈಜು ಕಲಿಯೋಕೆ ಎಲ್ಲರಿಗೂ ಅವಕಾಶ ಇರುತ್ತಾ?' ಇರುವುದಿಲ್ಲ. ನನಗೂ ಇರಲಿಲ್ಲ. ಬಯಲುಸೀಮೆಯ ಹೆಣ್ಣುಮಗಳು ನಾನು, ಬಾವಿಯ ಹತ್ತಿರ ಹೋದರೆ ಅಮ್ಮ ಬೆನ್ನು ಮುರಿಯುತ್ತಿದ್ದಳು. ಈಜು ಕಲಿತದ್ದು ಇಪ್ಪತ್ತೊಂಬತ್ತಕ್ಕೆ, ಹಲಸೂರಿನಲ್ಲಿ, ಲೇಡೀಸ್ ಬ್ಯಾಚಿನಲ್ಲಿ, ಪಕ್ಕದ ಲೇನಿನಲ್ಲಿ ಏಳು ವರ್ಷದ ಪುಟ್ಟಿಯೊಬ್ಬಳು ನನ್ನನ್ನು ನೋಡಿ ಕಿಸಕ್ಕನೆ ನಗುತ್ತಿರುವಾಗ. ಮೂರು ತಿಂಗಳು ಹಿಡಿಯಿತು. ತಿಂಗಳ ಫೀಸು ನೂರಡಿ ರಸ್ತೆಯ ಒಂದು ಶನಿವಾರದ ಬಿಲ್ಲಿಗಿಂತ ಕಡಿಮೆ. ಐದಾರು ಸಾವಿರ ಕೊಟ್ಟು ಸಮುದ್ರದ ತಳಕ್ಕೆ ಹೋಗುವವರಿಗೆ ಇದು ಎಟುಕುವುದಿಲ್ಲ ಅನ್ನಬೇಡಿ. ನಿಜಕ್ಕೂ ಎಟುಕದವರು ಬೇರೆ ಇದ್ದಾರೆ. ಕೆ.ಆರ್. ಪುರ ದಾಟಿ ಅದೇ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದರೆ ಕೋಲಾರ, ಮುಂದೆ ಮುಳಬಾಗಿಲು. 2024ರ ಡಿಸೆಂಬರ್‌ನಲ್ಲಿ ಆ ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಹೋದ ನಾಲ್ವರು ಹುಡುಗಿಯರು ಇದೇ ಮುರುಡೇಶ್ವರದ ಅಲೆಗಳಲ್ಲಿ ತೀರಿಹೋದರು. ಅದಕ್ಕೂ ಸ್ಕೂಬಾಕ್ಕೂ ಸಂಬಂಧವಿಲ್ಲ. ಆದರೆ ಅವತ್ತಿನಿಂದ, ನೀರಿನ ಎದುರು ಈಜು ಬರದಿದ್ದರೂ ಪರವಾಗಿಲ್ಲ ಅನ್ನುವ ತಮಾಷೆಯ ದನಿ ನನಗೆ ಕೇಳಿಸಿಕೊಳ್ಳಲಾಗುವುದಿಲ್ಲ.

ಮೂರನೆಯದು, 'ಕಂಡರೆ ತಾನೇ ಪ್ರೀತಿ ಹುಟ್ಟೋದು.' ಹೌದೇ? ಹಲಸೂರು ಕೆರೆಯನ್ನು ಮೆಟ್ರೋ ಹತ್ತಲು ಹೋಗುವ ಎಷ್ಟೊಂದು ಜನ ದಿನಾ ಕಾಣುತ್ತಾರೆ. 2016ರ ಮಾರ್ಚ್‌ನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ನಾವು ಮಾಡಿದ್ದು ಮೂಗು ಮುಚ್ಚಿಕೊಂಡು ದಾಟಿದ್ದು. ಆಮೇಲೆ ಮೀನು ನೋಡಲು ಐನೂರು ಕಿಲೋಮೀಟರ್ ದೂರ ಬಸ್ಸು ಹತ್ತಿದೆವು.

ಹೋಗಬೇಡಿ ಅನ್ನುತ್ತಿಲ್ಲ ಮಾರಾಯ್ರೆ, ದಯವಿಟ್ಟು ಹೋಗಿ. ಆ ನೀರಿನೊಳಗಿನ ಮೌನ, ನಿಮ್ಮ ಉಸಿರಿನ ಗುಳ್ಳೆಗಳ ಸದ್ದೊಂದೇ ಕೇಳುವ ಆ ಹೊತ್ತು, ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರಕ್ಕೆ ನೇರ ರೈಲಿದೆ, ನಮ್ಮ ಪೂರ್ವದವರಿಗೆ ಇದಕ್ಕಿಂತ ಸುಲಭ ಏನಿದೆ? ಆದರೆ ಈಗ ಕೊಳಕ್ಕೆ ಸೇರಿ, ಮೂರು ತಿಂಗಳು ಬಿಟ್ಟು ಹೋಗಿ. ಸೋಮವಾರ ಒಂದು ರಜೆ ಹಾಕಿ. ಬುಕ್ ಮಾಡುವ ಮುಂಚೆ ಆ ನಂಬರಿಗೆ ಫೋನ್ ಮಾಡಿ ಕೇಳಿ: ಲಂಗರು ಹವಳದ ಮೇಲೆ ಹಾಕ್ತೀರಾ, ಕಟ್ಟೋಕೆ ತೇಲುಬುರುಡೆ ಇದೆಯಾ? ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ? ಮೀನಿಗೆ ಬ್ರೆಡ್ಡು ಹಾಕ್ತೀರಾ? ದೋಣಿಯಲ್ಲಿ ಆಕ್ಸಿಜನ್ ಕಿಟ್ ಇರುತ್ತಾ? ಫಾರ್ಮಿನಲ್ಲಿ ಒಂದಕ್ಕೆ ಎಸ್ ಅಂತ ಬರೆದರೆ ಏನು ಮಾಡ್ತೀರಿ? ಕೊನೆಯ ಪ್ರಶ್ನೆಗೆ ಆ ಕಡೆಯಿಂದ 'ಅಯ್ಯೋ ಪರವಾಗಿಲ್ಲ ಮೇಡಂ' ಅಂತ ಬಂದರೆ ಫೋನ್ ಇಟ್ಟು ಇನ್ನೊಬ್ಬರಿಗೆ ಹಚ್ಚಿ.