ಸ್ಥಪತಿಯೂ ಗುತ್ತಿಗೆದಾರನೂ

ಕಟ್ಟುತ್ತಿದ್ದ ಮನೆಯ ಕೆಲಸವು ಅರ್ಧದಲ್ಲಿ ನಿಂತಿತೇಕೆಂದು ವಿಚಾರಿಸಿದರೆ ಎರಡು ಉತ್ತರಗಳು ದೊರೆಯುವುವು. ಗುತ್ತಿಗೆದಾರನು ಮನಸ್ಸಿಗೆ ಬಂದಂತೆ ಕಟ್ಟಿದನೆಂದು ನಕ್ಷೆ ಬರೆದವರು ಹೇಳುವರು. ಆ ನಕ್ಷೆಯು ಕಾಗದದ ಮೇಲಷ್ಟೇ ಚೆಂದವೆಂದು ಗುತ್ತಿಗೆದಾರನು ಹೇಳುವನು. ಇಬ್ಬರ ನಡುವೆ ಹಣ ಕಳೆದುಕೊಳ್ಳುವವನು ಗೃಹಸ್ಥನು.

ನಮ್ಮ ಪ್ರಾಚೀನರು ಈ ತೊಡಕನ್ನು ಅರಿಯದವರಲ್ಲ. ಮಯಮತವೆಂಬ ವಾಸ್ತುಗ್ರಂಥದಲ್ಲಿ ಶಿಲ್ಪಿಗಳು ನಾಲ್ವರು: ಯೋಜಿಸುವ ಸ್ಥಪತಿ, ಸೂತ್ರಗ್ರಾಹಿ, ಕಲ್ಲುಮರಗಳನ್ನು ಕೆತ್ತುವ ತಕ್ಷಕ, ಕೆತ್ತಿದುದನ್ನು ಜೋಡಿಸುವ ವರ್ಧಕಿ. ಇವರಲ್ಲಿ ನಮ್ಮ ಗಮನವನ್ನು ಸೆಳೆಯುವವನು ಸೂತ್ರಗ್ರಾಹಿ. ಹೆಸರೇ ಹೇಳುವಂತೆ ಅವನು ಅಳತೆಯ ದಾರವನ್ನು ಹಿಡಿಯುವವನು; ಸ್ಥಪತಿಯ ಮಗನೋ ಶಿಷ್ಯನೋ ಆಗಿರತಕ್ಕವನು. ಎಂದರೆ, ಯೋಜಿಸಿದವನ ಮನಸ್ಸನ್ನು ಬಲ್ಲವನೊಬ್ಬನು ಕೆಲಸದ ಸ್ಥಳದಲ್ಲಿರಬೇಕೆಂಬುದು ಗ್ರಂಥಕಾರರ ಆಶಯ. ಇಂದು 1972ರ ಕಾಯಿದೆಯಂತೆ ನೋಂದಣಿಯಾದ ಆರ್ಕಿಟೆಕ್ಟರಿದ್ದಾರೆ. ಆಳುಗಳೊಡನೆ ಬರುವ ಗುತ್ತಿಗೆದಾರರಿದ್ದಾರೆ. ಸಣ್ಣ ಮನೆಗಳ ಕೆಲಸದಲ್ಲಿ ಸೂತ್ರ ಹಿಡಿಯುವವನು ಮಾತ್ರ ಅನೇಕವೇಳೆ ಕಾಣೆ. ಆ ತೆರವಾದ ಸ್ಥಾನದಲ್ಲಿ ಮನೆಯವರೇ ಕುಳಿತುಬಿಡುವುದುಂಟು.

ಅಡಿಗೆಮನೆಯ ಕಿಟಕಿಯು ಒಂದಡಿ ಆಚೆಗಿದ್ದರೆ ಒಳ್ಳೆಯದೆಂದು ಯಜಮಾನಿಯು ಮೇಸ್ತ್ರಿಗೆ ಹೇಳುವಳು. ಅವನು "ಆಗಲಿ ಅಮ್ಮಾ" ಎನ್ನುವನು. ಕಿಟಕಿಯ ಮೇಲಣ ಲಿಂಟಲ್, ಗೋಡೆಯೊಳಗಣ ನೀರಿನ ಕೊಳವೆ, ಒಲೆ ಇಡುವ ಕಟ್ಟೆ ಇವೆಲ್ಲವೂ ಅದರೊಡನೆ ಸರಿಯಬೇಕೆಂಬ ಸಂಗತಿಯು ಆ ಒಂದು ಮಾತಿನಲ್ಲಿ ಅಡಗಿದ್ದು, ಬಿಲ್ಲಿನಲ್ಲಿ ಪ್ರತ್ಯಕ್ಷವಾಗುವುದು. (ಯಜಮಾನರೇನೂ ಕಡಮೆಯವರಲ್ಲ, ಅವರು ಕಬ್ಬಿಣದ ಸರಳಿನಲ್ಲಿ ಉಳಿತಾಯವನ್ನು ಹುಡುಕುವರು.)

ಮೈಸೂರಿನ ಅರಮನೆಯನ್ನು ನೋಡಿರಿ. ಹಳೆಯದು 1897ರಲ್ಲಿ ಬೆಂಕಿಗೆ ಆಹುತಿಯಾಗಲು, ಹೆನ್ರಿ ಇರ್ವಿನ್ನರ ಯೋಜನೆಯಂತೆ ಕಟ್ಟಿದ ಹೊಸದು 1912ರಲ್ಲಿ ಮುಗಿಯಿತು. ಅದರ ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದಲ್ಲಿ ತಯಾರಾದುವು. ಕಡಲಾಚೆ ಎರಕ ಹೊಯ್ದ ಕಂಬವನ್ನು ಇಲ್ಲಿಯ ಮೇಸ್ತ್ರಿಯು ಗೇಣುದ್ದ ಬೆಳೆಸಲಾರನು. ಅಳತೆಯು ಮೊದಲೇ ನಿಶ್ಚಯವಾಗಿರಬೇಕು. ಮಧ್ಯೆ ಬದಲಾಯಿಸಲು ಯಾರಿಗೂ ಎಡೆಯಿಲ್ಲ.

ಹಾಗೆಂದು ಗುತ್ತಿಗೆದಾರನು ಬರಿಯ ಆಜ್ಞಾಧಾರಕನಲ್ಲ. ಆ ಊರಿನ ಮಣ್ಣು, ಮರಳು, ಕಲ್ಲುಗಳ ಗುಣವನ್ನು ಅವನು ಬಲ್ಲನು. ಪಾಯ ತೋಡುವ ಮುನ್ನವೇ ಇಬ್ಬರನ್ನೂ ನಕ್ಷೆಯ ಮುಂದೆ ಕುಳ್ಳಿರಿಸಿ ಅವನ ಸಂದೇಹಗಳನ್ನು ಕೇಳಿದರೆ ಮುಂದಣ ಅರ್ಧ ಜಗಳ ತಪ್ಪುವುದು. ಅವನ ಅವಸರಕ್ಕೂ ಕಾರಣವಿದೆ: ತಾರಸಿಯ ಕೆಳಗಣ ಸೆಂಟ್ರಿಂಗ್ ಹಲಗೆಗಳಿಗೆ ದಿನಬಾಡಿಗೆ ಏರುತ್ತಿರುತ್ತದೆ. ಆದರೆ ಭಾರತೀಯ ಮಾನಕದಂತೆ, ಸಾಧಾರಣ ಸಿಮೆಂಟಿನ ತಾರಸಿಯ ಹರಹು 4.5 ಮೀಟರಿನೊಳಗಿದ್ದರೆ ಆಸರೆಗಂಬಗಳು ಕನಿಷ್ಠ 7 ದಿನ, ಅದನ್ನು ಮೀರಿದರೆ 14 ದಿನ ನಿಲ್ಲಬೇಕು. ಈ ದಿನಗಳ ಬಾಡಿಗೆಯನ್ನು ಕರಾರಿನಲ್ಲಿ ಮೊದಲೇ ಲೆಕ್ಕ ಹಿಡಿದಿದ್ದರೆ ಕಂಬ ಕೀಳುವ ಆತುರವು ಹುಟ್ಟುವುದಿಲ್ಲ. ಇದು ಹಣದ ಮಾತಷ್ಟೇ ಅಲ್ಲ. ಆ ತಾರಸಿಯ ಕೆಳಗೆ ಮಕ್ಕಳು ಮಲಗುವರು.

ಒಟ್ಟು ಮೊಬಲಗಿಗೆ ಗುತ್ತಿಗೆ ಕೊಟ್ಟವರು ಬದಲಾವಣೆಗಳಲ್ಲಿ ಇನ್ನೂ ಎಚ್ಚರದಿಂದಿರಬೇಕು. ಅಲ್ಲಿ ಪ್ರತಿಯೊಂದು ಹೊಸ ಅಪೇಕ್ಷೆಯೂ ಹೊಸ ಬೆಲೆಯೇ. ಸ್ಥಳದಲ್ಲಿ ಒಂದು ಗಟ್ಟಿ ರಟ್ಟಿನ ಪುಸ್ತಕವಿರಲಿ. ಬದಲಾವಣೆ, ಅದರ ವೆಚ್ಚ, ತಾರೀಖು ಇವನ್ನು ಬರೆದು, ಆರ್ಕಿಟೆಕ್ಟರೂ ಗುತ್ತಿಗೆದಾರನೂ ಮನೆಯವರೂ ರುಜು ಹಾಕಿದ ಬಳಿಕವೇ ಇಟ್ಟಿಗೆಯನ್ನು ಮುಟ್ಟತಕ್ಕದ್ದು. ಆ ಪುಸ್ತಕವನ್ನು ಮನೆಯ ಯಜಮಾನಿಯೇ ಇಟ್ಟುಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ. ಹಾಲಿನ ಲೆಕ್ಕವನ್ನು ತಪ್ಪದೆ ಬರೆಯುವ ಕೈ ಅದು.