ರೀಕಾಲ್ ಕಾನೂನಿನಲ್ಲಿ ಕೂಲಿಯವರ ದೂರಿಗೆ ಜಾಗ ಎಲ್ಲಿದೆ?



2022ರ ನವೆಂಬರ್‌ನಿಂದ 2023ರ ಮಾರ್ಚ್‌ವರೆಗೆ ತಯಾರಾದ ಬೈಕುಗಳನ್ನ ರಾಯಲ್ ಎನ್‌ಫೀಲ್ಡ್ ಕಂಪನಿ 2024ರಲ್ಲಿ ರೀಕಾಲ್ ಮಾಡಿತು. ಹಿಂದೆ ಮತ್ತು ಪಕ್ಕದಲ್ಲಿರೋ ರಿಫ್ಲೆಕ್ಟರ್ ಕೆಲವು ಬೈಕಲ್ಲಿ ಸರಿಯಾಗಿ ಹೊಳೀತಿರಲಿಲ್ಲ, ಅಷ್ಟೇ ಕಾರಣ. ಬದಲಾಯಿಸೋದು ಪುಕ್ಕಟೆ, ಕಾಲು ಗಂಟೆ ಕೆಲಸ. ಶುರು ಮಾಡಿದ್ದು ದಕ್ಷಿಣ ಕೊರಿಯಾ, ಅಮೆರಿಕ, ಕೆನಡಾದಿಂದ. ನಮ್ಮ ದೇಶದ ಸರದಿ ಆಮೇಲೆ.

ಒಂದು ರಿಫ್ಲೆಕ್ಟರ್‌ಗೆ ಇಷ್ಟು ರಗಳೆ ಯಾಕೆ ಅನ್ನೋರು ಅಡಿಕೆ ಕೊಯ್ಲಿನ ಕಾಲದಲ್ಲಿ ಹೊಳಲ್ಕೆರೆ, ಹೊಸದುರ್ಗದ ರಸ್ತೆಯಲ್ಲಿ ರಾತ್ರಿ ಬಂದು ನೋಡಲಿ. ಕೂಲಿ ಮುಗಿಸಿದ ಹೆಣ್ಣುಮಕ್ಕಳು ಲಗೇಜ್ ಆಟೋದ ಹಿಂದೆ, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಕೂತು ಊರಿಗೆ ಹೋಗ್ತಿರ್ತಾರೆ. ಹಿಂದ್ಲ ಲೈಟ್ ಇಲ್ಲ. ರೇಡಿಯಂ ಸ್ಟಿಕ್ಕರ್ ಇದ್ದರೂ ಅದರ ಮೇಲೆ ಒಂದು ಬೆರಳು ಧೂಳು. ಹಿಂದಿನಿಂದ ಬರೋ ಕಾರಿನವನಿಗೆ ಅಲ್ಲೊಂದು ಗಾಡಿ ಇದೆ ಅಂತ ಗೊತ್ತಾಗೋ ಹೊತ್ತಿಗೆ ಬ್ರೇಕ್ ಹಿಡಿಯೋ ದೂರ ಮುಗಿದಿರುತ್ತೆ.

ಹಿರಿಯೂರು, ದುರ್ಗದ ಮೇಲೆ ಹಾದುಹೋಗೋ ಇದೇ 48ನೇ ಹೆದ್ದಾರಿಯಲ್ಲಿ, ಬ್ಯಾಡಗಿ ಹತ್ತಿರ 2024ರ ಜೂನ್ 28ರ ಬೆಳಗಿನ ಜಾವ ನಿಂತ ಲಾರಿಗೆ ಟಿಟಿ ಗುದ್ದಿ 13 ಜನ ಸತ್ತರು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆ ವಾಪಸ್ ಹೊರಟಿದ್ದವರು. 2023ರ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ನಿಂತ ಟ್ಯಾಂಕರ್‌ಗೆ ಸುಮೋ ಗುದ್ದಿದಾಗಲೂ ಸತ್ತವರು 13 ಜನ. ಇಂಥದ್ದಾದಾಗೆಲ್ಲ ಮಂಜು, ನಿದ್ದೆ, ಅತಿವೇಗದ ಮಾತೇ ಮೊದಲು ಬರುತ್ತೆ. ನಿಂತ ಗಾಡಿ ಹಿಂದಿನಿಂದ ಕಾಣ್ತಿತ್ತಾ ಅಂತ ಕೇಳೋರು ಕಡಿಮೆ.

ಕಾನೂನು ಇಲ್ಲ ಅಂತಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಕಲಂ 110ಎ ಸೇರಿತು, 2021ರ ಏಪ್ರಿಲ್ 1ರಿಂದ ಅದರ ನಿಯಮ ಜಾರಿಗೆ ಬಂತು. ಚಾಲಕರಿಗೆ, ಒಳಗೆ ಕೂತವರಿಗೆ ಅಥವಾ ರಸ್ತೆ ಬಳಸುವ ಇತರರಿಗೆ ಅಪಾಯ ತರೋ ದೋಷ ಇದ್ದರೆ ಕೇಂದ್ರ ಸರ್ಕಾರ ಆ ಮಾಡೆಲ್ಲನ್ನ ವಾಪಸ್ ಕರೆಸಬಹುದು. ಕಂಪನಿಗೆ 10 ಲಕ್ಷದಿಂದ 1 ಕೋಟಿವರೆಗೆ ದಂಡ.

ಆ ‘ಇತರರು’ ಅನ್ನೋರು ನಾವೇ. ರಸ್ತೆ ಬದಿ ನಡೆಯೋರು, ಸೈಕಲ್‌ನವರು, ಟ್ರೇಲರ್‌ನಲ್ಲಿ ಕೂತವರು. ಆದರೆ ಎಷ್ಟು ದೂರು ಬಂದರೆ ರೀಕಾಲ್ ಅನ್ನೋ ಲೆಕ್ಕ ಹಿಡಿಯೋದು ಮಾಲೀಕರ ದೂರಿನಿಂದ. ಸಾಯೋಕೆ ನಾವು, ದೂರು ಕೊಡೋಕೆ ಆರ್‌ಸಿ ಇರೋನು! ಮೇಲಾಗಿ 7 ವರ್ಷದೊಳಗಿನ ಗಾಡಿಗೆ ಮಾತ್ರ ಈ ನಿಯಮ. ನಮ್ಮ ಕೇರಿ ಹುಡುಗರು ಸಾಲ ಮಾಡಿ ತಗೊಳ್ಳೋ ಸೆಕೆಂಡ್‌ಹ್ಯಾಂಡ್ ಟಾಟಾ ಏಸ್‌ಗೆ ಎಷ್ಟು ವಯಸ್ಸಾಗಿರುತ್ತೆ ಅಂತ ನಿಮಗೇ ಗೊತ್ತು. ಇನ್ನು ಊರ ವರ್ಕ್‌ಶಾಪ್‌ನಲ್ಲಿ ವೆಲ್ಡಿಂಗ್ ಮಾಡಿದ ಟ್ರೇಲರನ್ನ ಯಾವ ಕಂಪನಿ ವಾಪಸ್ ಕರೆಯುತ್ತೆ? ಅದಕ್ಕೆ ಆರ್‌ಟಿಒದವರೇ ರಸ್ತೆಗಿಳೀಬೇಕು.

ಅಮೆರಿಕದಲ್ಲಿ ಆಸಕ್ತಿ ಇರೋ ಯಾರು ಬೇಕಾದರೂ ವಾಹನ ದೋಷದ ತನಿಖೆಗೆ ಅರ್ಜಿ ಹಾಕಬಹುದು. 2022ರಲ್ಲಿ ಹಿಂಬದಿ ದೀಪ ಆಗಾಗ ಉರಿಯೋದಿಲ್ಲ ಅಂತ ಟೆಸ್ಲಾ ಅಲ್ಲಿ 3.21 ಲಕ್ಷ ಕಾರು ರೀಕಾಲ್ ಮಾಡಬೇಕಾಯ್ತು.

ನಾನು ಗುಮಾಸ್ತ. ಕಡತದಲ್ಲಿ ‘ಇತರೆ’ ಅನ್ನೋ ಕಾಲಂಗೆ ಎಷ್ಟು ಬೆಲೆ ಅಂತ ದಿನಾ ನೋಡ್ತೀನಿ. ಕಲಂ 110ಎ ಒಳಗೂ ಅದಿದೆ. ದೋಷದ ವರದಿ ಮಾಲೀಕರಿಂದ, ಪರೀಕ್ಷಾ ಸಂಸ್ಥೆಯಿಂದ ಅಥವಾ ‘ಬೇರೆ ಯಾವುದೇ ಮೂಲದಿಂದ’ ಬರಬಹುದು ಅಂತ. ಸಂಘಟನೆಗಳು, ಗ್ರಾಮ ಪಂಚಾಯ್ತಿಗಳು ಆ ‘ಬೇರೆ ಮೂಲ’ ಯಾಕಾಗಬಾರದು?

ಬಲ್ಬ್ ಸುಟ್ಟಿದ್ದು ಹಾಕಿಸದೆ ಓಡಿಸೋದು ಮಾಲೀಕನ ತಪ್ಪು, ಅದನ್ನ ಇದರಲ್ಲಿ ಬೆರೆಸೋದು ಬೇಡ. ಒಂದೇ ಮಾಡೆಲ್‌ನ ನಾಲ್ಕಾರು ಗಾಡಿಯಲ್ಲಿ ಅದೇ ದೀಪ, ಅದೇ ವೈರಿಂಗ್ ಕೈಕೊಡ್ತಿದ್ದರೆ ಅದು ನಮಗೆ ಬೇಕು. ಮೆಕ್ಯಾನಿಕ್‌ಗಳನ್ನ ಕೇಳಿ, ಅವರಿಗೆ ಗೊತ್ತಿರುತ್ತೆ. ಮಾಡೆಲ್, ತಯಾರಾದ ವರ್ಷ, ಯಾವ ದೀಪ, ಒಂದು ಫೋಟೋ ಇಷ್ಟನ್ನ ಇನ್‌ಬಾಕ್ಸ್‌ಗೆ ಕಳಿಸಿ. ಅರ್ಜಿ ಬರೆಯೋದು ನಾನು ನೋಡ್ಕೋತೀನಿ.

ಗಾಡಿ ನಂಬರ್ ಮಾತ್ರ ಇಲ್ಲಿ ಕಾಮೆಂಟಲ್ಲಿ ಹಾಕಬೇಡಿ. ಎಷ್ಟೋ ಸಲ ಡ್ರೈವರ್ ನಮ್ಮ ಹುಡುಗನೇ ಆಗಿರ್ತಾನೆ, ದಂಡ ಅವನ ತಲೆಗೆ ಬರುತ್ತೆ.